ಲಿಂಕ್‌ನ ದೊಡ್ಡ ಕಣ್ಣುಗಳು

2000ನೇ ಇಸವಿಯ ಆಗಸ್ಟ್‌ನಲ್ಲಿ ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ ತನ್ನ ಸ್ಪೇಸ್ ವರ್ಲ್ಡ್ ಪ್ರದರ್ಶನದಲ್ಲಿ ಒಂದು ಪುಟ್ಟ ವಿಡಿಯೊ ತೋರಿಸಿತು. ಜೆಲ್ಡಾ ಎಂಬ ಗೇಮ್ ಸರಣಿಯ ನಾಯಕ ಲಿಂಕ್, ಖಳನಾಯಕ ಗ್ಯಾನನ್‌ಡಾರ್ಫ್ ಜೊತೆ ಕತ್ತಿ ಹಿಡಿದು ಕಾದಾಡುವ ದೃಶ್ಯ. ಇನ್ನೂ ಅಂಗಡಿಗೆ ಬಂದಿರದ ಗೇಮ್‌ಕ್ಯೂಬ್ ಎಂಬ ಗೇಮ್ ಯಂತ್ರದ ತಾಕತ್ತು ಎಷ್ಟು ಅಂತ ತೋರಿಸಲು ಮಾಡಿದ ತುಣುಕು ಅದು, ಗೇಮ್ ಅಲ್ಲ. ಆದರೆ ನೋಡಿದವರೆಲ್ಲ ಮುಂದಿನ ಜೆಲ್ಡಾ ಹೀಗೇ ಇರುತ್ತದೆ ಅಂದುಕೊಂಡರು. ಒಂದು ವರ್ಷದ ನಂತರ ಅದೇ ಪ್ರದರ್ಶನದಲ್ಲಿ ನಿಜವಾದ ಗೇಮ್‌ನ ತುಣುಕು ಬಂತು. ನೋಡಿದರೆ ಲಿಂಕ್ ಒಬ್ಬ ಪುಟ್ಟ ಹುಡುಗ. ದಪ್ಪ ತಲೆ, ಗಿಡ್ಡ ಕಾಲು, ಬೆಕ್ಕಿನ ಹಾಗೆ ಅಗಲವಾದ ಕಣ್ಣು. ಕೂದಲಿನ ಎಳೆ ಇಲ್ಲ, ಬಟ್ಟೆಗೆ ನೇಯ್ಗೆ ಇಲ್ಲ, ಎಲ್ಲ ಒಂದೇ ಸಮ ಬಣ್ಣ ಬಳಿದ ಹಾಗೆ.

ಅಭಿಮಾನಿಗಳಿಗೆ ಸಿಟ್ಟು ನೆತ್ತಿಗೇರಿತು. ಇದು ಚಿಕ್ಕ ಮಕ್ಕಳ ಆಟ, ನಮಗೆ ಮೋಸ ಮಾಡಿದ್ದಾರೆ ಅಂದರು. ಆ ಗೇಮ್‌ನ ಹೆಸರು ವಿಂಡ್ ವೇಕರ್. ಜಪಾನಿನಲ್ಲಿ 2002ರ ಡಿಸೆಂಬರ್‌ನಲ್ಲಿ ಬಂತು, ಅಮೆರಿಕದಲ್ಲಿ 2003ರ ಮಾರ್ಚ್‌ನಲ್ಲಿ. ಅವರ ಬೇಸರ ನನಗೆ ಅರ್ಥವಾಗುತ್ತದೆ. ವರ್ಷವಿಡೀ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಬೇರೆಯದೇ ಕೊಟ್ಟರೆ ನೋವಾಗುತ್ತದೆ. ಆದರೆ ಕಾರ್ಟೂನ್ ಅಂದರೆ ಕಡಿಮೆ ದರ್ಜೆ, ನೈಜತೆ ಅಂದರೆ ಮೇಲು ಅನ್ನುವ ಲೆಕ್ಕವಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಣ್ಣು ಕೆಲಸ ಮಾಡುವ ರೀತಿಯೂ ಅದನ್ನು ಒಪ್ಪುವುದಿಲ್ಲ.

ಮೊದಲು ಕಂಪ್ಯೂಟರ್ ಏನು ಮಾಡುತ್ತದೆ ನೋಡೋಣ. ಗೇಮ್‌ನಲ್ಲಿ ಒಂದು ಚೆಂಡಿದೆ ಅಂದುಕೊಳ್ಳಿ. ಅದರ ಒಂದೊಂದು ಚುಕ್ಕೆಯೂ ಯಾವ ಕಡೆಗೆ ಮುಖ ಮಾಡಿದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎರಡರ ನಡುವಿನ ಕೋನ ಎಷ್ಟು ಅಂತ ಲೆಕ್ಕ ಹಾಕಬೇಕು. ಬೆಳಕಿಗೆ ನೇರವಾಗಿ ಮುಖ ಮಾಡಿದ್ದರೆ ಪೂರ್ತಿ ಹೊಳಪು, ಓರೆಯಾದಷ್ಟೂ ಮಂಕು. ಈ ನಿಯಮವನ್ನು ಲ್ಯಾಂಬರ್ಟ್ ಎಂಬ ಗಣಿತಜ್ಞ 1760ರಲ್ಲೇ ಬರೆದಿಟ್ಟಿದ್ದ. ಹೀಗೆ ಮಾಡಿದರೆ ಚೆಂಡಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಳಪು ನಿಧಾನವಾಗಿ ಇಳಿಯುತ್ತದೆ. ಕಾರ್ಟೂನ್ ಶೈಲಿಯಲ್ಲೂ ಲೆಕ್ಕ ಇದೇ. ಕೊನೆಯಲ್ಲಿ ಮಾತ್ರ ಒಂದು ಕತ್ತರಿ ಹಾಕುತ್ತಾರೆ: ಹೊಳಪು ಇಷ್ಟಕ್ಕಿಂತ ಜಾಸ್ತಿ ಇದ್ದರೆ ಬೆಳಕಿನ ಬಣ್ಣ, ಕಡಿಮೆ ಇದ್ದರೆ ನೆರಳಿನ ಬಣ್ಣ, ನಡುವೆ ಏನೂ ಇಲ್ಲ. ಇದಕ್ಕೆ ಸೆಲ್ ಶೇಡಿಂಗ್ ಅನ್ನುತ್ತಾರೆ. ಹಿಂದೆ ಅನಿಮೇಷನ್ ಚಿತ್ರಗಳಿಗೆ ಬಣ್ಣ ಹಚ್ಚುತ್ತಿದ್ದ ಸೆಲ್ಯುಲಾಯ್ಡ್ ಹಾಳೆಯಿಂದ ಬಂದ ಹೆಸರು ಅದು. ಅಂದರೆ ಕಾರ್ಟೂನ್ ಮಾಡಲು ಹೊರಟವರು ಬೆಳಕಿನ ಲೆಕ್ಕ ಬಿಟ್ಟಿಲ್ಲ. ಲೆಕ್ಕ ಪೂರ್ತಿ ಮಾಡಿ, ಅದರಲ್ಲಿ ಎಷ್ಟನ್ನು ತೋರಿಸಬೇಕು ಅಂತ ಆರಿಸಿಕೊಂಡಿದ್ದಾರೆ.

ಆರಿಸಿಕೊಳ್ಳುವ ಈ ಕೆಲಸವನ್ನು ನಮ್ಮ ಮೆದುಳು ದಿನವಿಡೀ ಮಾಡುತ್ತದೆ. 1950ರ ದಶಕದ ಕೊನೆಯಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮೆದುಳಿನ ಒಂದೊಂದೇ ನರಕೋಶದ ಸದ್ದು ಕೇಳಿಸಿಕೊಳ್ಳುತ್ತಾ ಕೂತಿದ್ದರು. ಗಾಜಿನ ಪಟ್ಟಿಗಳ ಮೇಲೆ ಚುಕ್ಕೆ ಮಾಡಿ ಬೆಕ್ಕಿಗೆ ತೋರಿಸುತ್ತಿದ್ದರು. ಎಷ್ಟು ಹೊತ್ತಾದರೂ ಆ ಕೋಶ ಸರಿಯಾಗಿ ಮಿಸುಕಲಿಲ್ಲ. ಆಮೇಲೆ ಒಂದು ಗಾಜಿನ ಪಟ್ಟಿಯನ್ನು ಯಂತ್ರಕ್ಕೆ ತೂರಿಸುವಾಗ ಕೋಶ ಒಂದೇ ಸಮನೆ ಪಟಪಟ ಸದ್ದು ಮಾಡತೊಡಗಿತು. ಚುಕ್ಕೆಗಲ್ಲ, ಗಾಜಿನ ಅಂಚಿನ ನೆರಳು ಪರದೆಯ ಮೇಲೆ ಒಂದು ಗೆರೆಯ ಹಾಗೆ ಸರಿದದ್ದಕ್ಕೆ! ದೃಷ್ಟಿಯ ಕೆಲಸ ಮಾಡುವ ಮೆದುಳಿನ ಮೊದಲ ಪದರದಲ್ಲಿ ಅಂಚು ಹುಡುಕುವ ಕೋಶಗಳು ತುಂಬಿಕೊಂಡಿವೆ ಅಂತ ಹೀಗೆ ಗೊತ್ತಾಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಇಷ್ಟ. ಜೂಲಿಯನ್ ಹಾಕ್‌ಬರ್ಗ್ ಮತ್ತು ವರ್ಜೀನಿಯಾ ಬ್ರೂಕ್ಸ್ ಎಂಬ ಸಂಶೋಧಕರು ತಮ್ಮ ಮಗುವಿಗೆ ಸುಮಾರು 19 ತಿಂಗಳು ತುಂಬುವವರೆಗೆ ಚಿತ್ರಗಳನ್ನು ತೋರಿಸದೆ ಬೆಳೆಸಲು ನೋಡಿದರು. ಇದು ಏನು, ಅದು ಏನು ಅಂತ ಯಾವ ಚಿತ್ರವನ್ನೂ ಹೇಳಿಕೊಡಲಿಲ್ಲ. ಆಮೇಲೆ ಬರೀ ಗೆರೆಯಲ್ಲಿ ಬರೆದ ಚಿತ್ರಗಳನ್ನು ಮುಂದಿಟ್ಟರು. ಬೂಟು, ಬೀಗದ ಕೈ, ಇಂಥವು. ಮಗು ಹೆಸರು ಹೇಳಿತು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗೆರೆಯ ಚಿತ್ರ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ ಅಂದಾಯಿತು, ಅಲ್ವಾ? ಹಾಗಾದರೆ ಕಾರ್ಟೂನು ನಿಜಕ್ಕೆ ದೂರ ಅನ್ನುವುದು ಅರ್ಧ ಮಾತು. ಅದು ಫೋಟೊಗೆ ದೂರ, ಆದರೆ ಮೆದುಳು ನಿಜವನ್ನು ಹಿಡಿಯುವ ರೀತಿಗೆ ಬಹಳ ಹತ್ತಿರ.

ನೈಜತೆಯ ದಾರಿಯಲ್ಲಿ ಬೇರೆಯೇ ಒಂದು ಹೊಂಡ ಇದೆ. ಜಪಾನಿನ ರೋಬೊ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಅದರ ಬಗ್ಗೆ ಬರೆದ. ಗೊಂಬೆ ಮನುಷ್ಯನ ಹಾಗೆ ಕಂಡಷ್ಟೂ ನಮಗೆ ಇಷ್ಟವಾಗುತ್ತಾ ಹೋಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ಥಟ್ಟನೆ ಮೈ ಜುಮ್ಮೆನ್ನುತ್ತದೆ, ಹೆಣ ನೋಡಿದ ಹಾಗೆ. ಮನುಷ್ಯರಿಗಷ್ಟೇ ಅಲ್ಲ. 2009ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮಕಾಕ್ ಕೋತಿಗಳಿಗೆ ಮೂರು ಬಗೆಯ ಕೋತಿ ಮುಖ ತೋರಿಸಿದರು: ನಿಜವಾದದ್ದು, ಒರಟಾದ ಕಂಪ್ಯೂಟರ್ ಚಿತ್ರ, ನಿಜದ ಹಾಗೇ ಕಾಣುವ ಕಂಪ್ಯೂಟರ್ ಚಿತ್ರ. ಕೋತಿಗಳು ಮೂರನೆಯದನ್ನು ಕಡಿಮೆ ಹೊತ್ತು ನೋಡಿ ಕಣ್ಣು ತಿರುಗಿಸಿದವು.

ಯಾಕೆ ಹೀಗೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, ಆದರೆ ಗೇಮ್‌ಗಳ ಮಟ್ಟಿಗೆ ಚರ್ಮದ್ದು ದೊಡ್ಡ ಪಾತ್ರ. ನಮ್ಮ ಚರ್ಮಕ್ಕೆ ಬಿದ್ದ ಬೆಳಕು ಅಲ್ಲಿಂದಲೇ ವಾಪಸ್ ಬರುವುದಿಲ್ಲ. ಸ್ವಲ್ಪ ಒಳಗೆ ಇಳಿದು, ಅಲ್ಲೇ ಚದುರಿ, ಪಕ್ಕದಿಂದ ಹೊರಗೆ ಬರುತ್ತದೆ. ಕತ್ತಲಲ್ಲಿ ಟಾರ್ಚಿಗೆ ಬೆರಳು ಅಡ್ಡ ಹಿಡಿದರೆ ಬೆರಳು ಕೆಂಪಾಗಿ ಹೊಳೆಯುತ್ತದಲ್ಲ, ಅದೇ. 485 ಮೆಗಾಹರ್ಟ್ಸ್ ಪ್ರೊಸೆಸರ್, 24 ಎಂಬಿ ಮುಖ್ಯ ಮೆಮೊರಿ ಇದ್ದ ಗೇಮ್‌ಕ್ಯೂಬ್‌ನಲ್ಲಿ ಆಟ ನಡೆಯುತ್ತಿರುವಾಗಲೇ ಇದನ್ನೆಲ್ಲ ಲೆಕ್ಕ ಹಾಕುವುದು ಆಗದ ಮಾತು. ಹಾಗಾಗಿ ಆ ಕಾಲದ ನೈಜ ಮುಖಗಳೆಲ್ಲ ಪ್ಲಾಸ್ಟಿಕ್ ಮುಖವಾಡದ ಹಾಗೆ ಕಾಣುತ್ತವೆ.

ಈಗ ವಿಂಡ್ ವೇಕರ್‌ನ ಲಿಂಕ್ ಮುಖ ನೋಡಿ. ಅದರಲ್ಲಿ ಇರುವುದೇ ಕಣ್ಣು. ಕಣ್ಣಿನ ಮೇಲೆ ಕೂದಲು ಬಿದ್ದರೂ ಕಣ್ಣು, ಹುಬ್ಬು ಎರಡೂ ಕೂದಲಿನ ಮೇಲೆ ಕಾಣುವ ಹಾಗೆ ಬರೆದಿದ್ದಾರೆ. ನಿಜ ಜೀವನದಲ್ಲಿ ಇದು ಸಾಧ್ಯವೇ ಇಲ್ಲ, ಆದರೂ ಆಡುವಾಗ ಒಮ್ಮೆಯೂ ತಪ್ಪು ಅನ್ನಿಸುವುದಿಲ್ಲ. ಮೊದಲ ಸಲ ಆಡುವಾಗ ನಾನು ಒಂದು ಗುಹೆಯ ಕೋಣೆಯಲ್ಲಿ ದಾರಿ ಕಾಣದೆ ಅರ್ಧ ಗಂಟೆ ಸುತ್ತಿದ್ದೆ. ಬೇಸರವಾಗಿ ಕೈ ಬಿಟ್ಟು ಸುಮ್ನೆ ಪರದೆ ನೋಡುತ್ತಾ ಕೂತಾಗ ಕಂಡಿತು: ಲಿಂಕ್ ಮುಂದೆ ನೋಡುತ್ತಿಲ್ಲ, ಅವನ ಕಣ್ಣು ಓರೆಯಾಗಿ ಮೂಲೆಯ ಪಂಜಿನ ಕಡೆಗೆ ಹೋಗಿದೆ. ಹಚ್ಚದೆ ಉಳಿದಿದ್ದ ಪಂಜು ಅದು! ಆಮೇಲೆ ಗಮನಿಸಿದರೆ ಆಟದ ಉದ್ದಕ್ಕೂ ಹೀಗೇ. ಮುಖ್ಯವಾದದ್ದು ಹತ್ತಿರ ಇದ್ದರೆ ಅವನ ನೋಟ ಅತ್ತ ತಿರುಗುತ್ತದೆ. ಕಣ್ಣು ನಿಜವಾದ ಮನುಷ್ಯನ ಅಳತೆಯಲ್ಲಿದ್ದಿದ್ದರೆ, ಹಿಂದಿನ ಕಾಲದ ಟಿವಿಯಲ್ಲಿ, ಅಷ್ಟು ದೂರದಿಂದ, ಈ ಸುಳಿವು ಯಾರಿಗೂ ಕಾಣುತ್ತಿರಲಿಲ್ಲ.

ಆದರೆ ಅಭಿಮಾನಿಗಳ ಸಿಟ್ಟಿಗೆ ನಿಂಟೆಂಡೊ ಬೆಲೆ ತೆತ್ತಿತು. ಅಮೆರಿಕದಲ್ಲಿ ಮಾರಾಟ ಕುಂಟಿತು, ಕಾರ್ಟೂನ್ ರೂಪದಿಂದ ಹದಿಹರೆಯದ ಕೊನೆಯಲ್ಲಿರುವವರು ದೂರ ಉಳಿಯುತ್ತಿದ್ದಾರೆ ಅಂತ ಅಲ್ಲಿನವರು ಹೇಳಿದರು ಎಂದು ನಿರ್ದೇಶಕ ಎಯ್ಜಿ ಔನುಮಾ ಮುಂದೆ ತಾವೇ ವಿವರಿಸಿದ್ದಾರೆ. ಹಾಗಾಗಿ 2006ರಲ್ಲಿ ಟ್ವೈಲೈಟ್ ಪ್ರಿನ್ಸೆಸ್ ಬಂತು, ಎತ್ತರದ, ಗಂಭೀರ ಮುಖದ ಲಿಂಕ್ ಜೊತೆ. ಒಳ್ಳೆಯ ಗೇಮ್. ಅದರ ಕಥೆ ನನಗೆ ಈಗಲೂ ಇಷ್ಟ. ಆದರೆ ಎರಡನ್ನೂ ಇವತ್ತಿನ ಟಿವಿಯಲ್ಲಿ ಒಂದರ ಹಿಂದೆ ಒಂದು ಹಾಕಿ ನೋಡಿ, ನಾಲ್ಕು ವರ್ಷ ಹಳೆಯದು ವಿಂಡ್ ವೇಕರ್ ಅಂದರೆ ನಂಬುವುದೇ ಕಷ್ಟ. ಟ್ವೈಲೈಟ್ ಪ್ರಿನ್ಸೆಸ್‌ನ ಹುಲ್ಲು, ಗೋಡೆ ಎಲ್ಲ ಮಸುಕು. ಯಾಕಂದರೆ ಅದರ ಅಳತೆಗೋಲು ಹೊರಗಿದೆ: ನಿಜವಾದ ಹುಲ್ಲು, ಮತ್ತೆ ಮುಂದಿನ ವರ್ಷ ಬರುವ ಇನ್ನೂ ಒಳ್ಳೆಯ ಹುಲ್ಲು. ವಿಂಡ್ ವೇಕರ್‌ನ ಗಾಳಿ ಆಕಾಶದಲ್ಲಿ ಸುರುಳಿ ಸುತ್ತುವ ಒಂದು ಬಿಳಿ ಗೆರೆ. ಅದಕ್ಕೆ ಪೈಪೋಟಿ ಯಾರು? ನಿಂಟೆಂಡೊದ ಎಚ್‌ಡಿ ಯಂತ್ರ ವೀ ಯು ಬಂದಾಗ ತಂಡದವರು ಹಳೆಯ ಜೆಲ್ಡಾಗಳನ್ನು ಎಚ್‌ಡಿಗೆ ಏರಿಸಿ ನೋಡಿದರು, ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ವಿಂಡ್ ವೇಕರ್. ಮೊದಲು ಹೊಸದಾಗಿ ಬಂದದ್ದೂ ಅದೇ, 2013ರಲ್ಲಿ.

ವಾಲ್ವ್ ಕಂಪನಿಯ ಟೀಮ್ ಫೋರ್ಟ್ರೆಸ್ 2 ಕೂಡ ಇದೇ ದಾರಿಗೆ ಬಂತು. 1999ರಲ್ಲಿ ತೋರಿಸಿದಾಗ ಅದು ಮಾಮೂಲಿ ಸೈನಿಕರ ಗೇಮ್. 2007ರಲ್ಲಿ ಕೈಗೆ ಸಿಕ್ಕಾಗ ಪೂರ್ತಿ ಕಾರ್ಟೂನ್. ಒಂಬತ್ತು ಬಗೆಯ ಆಟಗಾರರು, ದೂರದಿಂದ ಬರೀ ಆಕಾರ ನೋಡಿದರೇ ಯಾರು ಅಂತ ಗೊತ್ತಾಗಬೇಕು, ಅದಕ್ಕೆ ಒಬ್ಬೊಬ್ಬರ ಮೈಕಟ್ಟೂ ಬೇರೆ. ಎದುರಿಗೆ ಬರುತ್ತಿರುವವನು ಯಾರು ಅಂತ ಅರ್ಧ ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದ ಆಟದಲ್ಲಿ ಇದು ಬರೀ ಅಂದದ ಪ್ರಶ್ನೆ ಅಲ್ಲ.

ನೈಜತೆ ಬೇಡ ಅಂತ ನಾನು ಹೇಳುತ್ತಿಲ್ಲ. ಗ್ರ್ಯಾನ್ ಟ್ಯುರಿಸ್ಮೊದಲ್ಲಿ ಒಂದು ನಿಜವಾದ ಕಾರು ಓಡಿಸುವ ಖುಷಿಗೆ ಆ ಕಾರಿನ ಬಣ್ಣದ ಹೊಳಪು ಇದ್ದ ಹಾಗೇ ಬೇಕು. ರೆಸಿಡೆಂಟ್ ಈವಿಲ್‌ನ ಕೊಳೆತ ಮನೆಯಲ್ಲಿ ಹೆದರಿಕೆ ಹುಟ್ಟುವುದೇ ಆ ಕೊಳಕು ನಿಜ ಅನ್ನಿಸಿದಾಗ.

ಜೆಲ್ಡಾ ಮಾತ್ರ 2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ನಡುವಿನ ದಾರಿ ಹಿಡಿಯಿತು. ಲಿಂಕ್‌ನ ಮೈಕಟ್ಟು ಮನುಷ್ಯರದ್ದೇ, ನೆರಳು ಮಾತ್ರ ಕಾರ್ಟೂನಿನ ಹಾಗೆ ಕತ್ತರಿಸಿದ್ದು. ಅಲ್ಲಿ ಕೊಡಲಿಯಿಂದ ಮರ ಕಡಿದರೆ ದಿಮ್ಮಿ ಉರುಳುತ್ತದೆ. ದಿಮ್ಮಿಗೆ ಮತ್ತೆ ಏಟು ಹಾಕಿದರೆ ಅದು ಒಮ್ಮೆಗೇ ಸೌದೆ ಕಟ್ಟಾಗಿ ಬಿಡುತ್ತದೆ, ಹಗ್ಗ ಕಟ್ಟಿ ಇಟ್ಟದ್ದು. ಫೋಟೊದಂಥ ಕಾಡಿನಲ್ಲಿ ಹೀಗಾದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಇಲ್ಲಿ ನಾನು ಆ ಸೌದೆ ಎತ್ತಿಕೊಂಡು, ಬೆಂಕಿ ಹಚ್ಚಿ, ಮಳೆ ಬರುವುದರೊಳಗೆ ಒಂದಿಷ್ಟು ಸೇಬು ಸುಟ್ಟುಕೊಂಡು ಮುಂದೆ ಹೋಗುತ್ತೇನೆ.