ಬಾಸ್ ಕೊಳಕ್ಕೆ ಮೇವಿನ ಮೀನು: ಒಮ್ಮೆ ಸುರಿದರೆ ಏಕೆ ಸಾಲದು?

ಪ್ರಶ್ನೆ: ಅಮೆರಿಕದ ಜಾರ್ಜಿಯಾದಲ್ಲಿ ನಮ್ಮ ಮಗನ ಮನೆಯ ಹಿಂದೆ ಅರ್ಧ ಎಕರೆಯ ಕೊಳವಿದೆ. ಅದರಲ್ಲಿರುವ ಬಾಸ್ ಎಂಬ ಬೇಟೆಗಾರ ಮೀನುಗಳು ಬಡಕಲಾಗಿವೆ. ಅವಕ್ಕೆ ಮೇವಾಗಿ ಒಂದು ಸಲ 2,000 ಮಿನ್ನೋ ಎಂಬ ಪುಟ್ಟ ಮೀನು ತಂದು ಬಿಟ್ಟರೆ ಸಾಲದೆ?

ಉತ್ತರ: ಬೇಸಿಗೆಗೆ ಮಕ್ಕಳ ಮನೆಗೆ ಹೊರಡುವ ಬೆಂಗಳೂರಿನ ಹಿರಿಯರು ವರ್ಷವರ್ಷವೂ ಇದನ್ನೇ ಕೇಳುತ್ತಾರೆ, ನಾನೂ ವರ್ಷವರ್ಷವೂ ಅದನ್ನೇ ಹೇಳುತ್ತೇನೆ: ಸಾಲದು.

ದಯವಿಟ್ಟು ಲೆಕ್ಕ ಹಾಕಿ ನೋಡಿ. ಮಿನ್ನೋ ಒಂದಕ್ಕೆ 2 ಗ್ರಾಂ ಎಂದಿಟ್ಟುಕೊಂಡರೆ 2,000 ಮೀನು ಸೇರಿ 4 ಕಿಲೋ ಆಗುತ್ತದೆ. ಬಾಸ್ 1 ಕಿಲೋ ತೂಕ ಹೆಚ್ಚಿಸಿಕೊಳ್ಳಲು ಸುಮಾರು 10 ಕಿಲೋ ಮೀನು ತಿನ್ನಬೇಕೆಂಬುದು ಕೊಳ ಸಾಕುವವರ ಅಂದಾಜು. ಆ ಪ್ರಕಾರ ನೀವು ಸುರಿದ ಮೇವಿನಿಂದ ಸಿಗುವ ಬೆಳವಣಿಗೆ 400 ಗ್ರಾಂ, ಅಂದರೆ ಕೊಳದಲ್ಲಿ 50 ಬಾಸ್ ಇದ್ದರೆ ತಲೆಗೆ 8 ಗ್ರಾಂ. ಮೇಲಾಗಿ ಮೇವಿಗೆಂದು ಮಾರುವ ಫ್ಯಾಟ್‌ಹೆಡ್ ಜಾತಿಯ ಮಿನ್ನೋ ನಿಧಾನವಾಗಿ ಈಜುವ ಮೀನಾದ್ದರಿಂದ, ಬೆಳೆದ ಬಾಸ್ ಇರುವ ನೀರಿನಲ್ಲಿ ಮರಿ ಮಾಡುವಷ್ಟು ದಿನ ಉಳಿಯುವುದೇ ಕಷ್ಟ. ಅದು ಒಂದು ಹೊತ್ತಿನ ಊಟವೇ ಹೊರತು ಕಣಜವಲ್ಲ.

ಕಣಜವೆಂದರೆ ಬ್ಲೂಗಿಲ್, ಅಮೆರಿಕದ ಕೊಳಗಳಲ್ಲಿ ಬಾಸ್‌ಗೆ ಆಹಾರವಾಗುವ ಇನ್ನೊಂದು ಮೀನು. ಬೇಸಿಗೆಯಲ್ಲಿ ಅದು ಹಲವು ಬಾರಿ ಮೊಟ್ಟೆಯಿಡುತ್ತದೆ; ಗಂಡು ಮೀನು ದಡದ ಬಳಿ ಬಾಲದಿಂದ ಕೆಸರು ಗುಡಿಸಿ, ಊಟದ ತಟ್ಟೆಯಷ್ಟು ಅಗಲದ ಗುಂಡಿ ಮಾಡಿ, ಮರಿಗಳು ಹೊರಬರುವವರೆಗೂ ಕಾವಲು ನಿಲ್ಲುತ್ತದೆ. ಅಲಬಾಮಾದ ಆಬರ್ನ್‌ನಲ್ಲಿ ಮೀನು ವಿಜ್ಞಾನಿ ಹೋಮರ್ ಸ್ವಿಂಗಲ್ 1930ರ ದಶಕದಿಂದ ಕೈಗೊಂಡ ಪ್ರಯೋಗಗಳು ಬ್ಲೂಗಿಲ್-ಬಾಸ್ ಜೋಡಿಯ ಲೆಕ್ಕಕ್ಕೆ ತಳಹದಿ ಹಾಕಿದವು. ಗೊಬ್ಬರ ಹಾಕುವ ಕೊಳವಾದರೆ ಎಕರೆಗೆ 1,000 ಬ್ಲೂಗಿಲ್, 100 ಬಾಸ್. ಬ್ಲೂಗಿಲ್ ಮೊದಲು, ಬಾಸ್ ಮರಿಗಳು ಮುಂದಿನ ಬೇಸಿಗೆಯಲ್ಲಿ. ಗೊಬ್ಬರದಿಂದ ಬೆಳೆಯುವ ಸೂಕ್ಷ್ಮ ಪಾಚಿಯಿಂದ ನೀರು ತಕ್ಕಷ್ಟು ಹಸಿರಾಗಿರಬೇಕು. ಸುಮಾರು ಒಂದು ಮೊಳ ಆಳದಲ್ಲಿ ಅಂಗೈ ಮರೆಯಾದರೆ ಸರಿ.

ನಿಮ್ಮ ಮಗನ ಕೊಳದಲ್ಲಿ ಬಹುಮಟ್ಟಿಗೆ ತಿನ್ನುವ ಬಾಯಿಗಳೇ ಹೆಚ್ಚಾಗಿರುತ್ತವೆ. ಮೊದಲು ಚಿಕ್ಕ ಬಾಸ್‌ಗಳನ್ನು ಹಿಡಿದು ತೆಗೆಯಲಿ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಕೊಳವನ್ನು ಕಂಡು ಬಂದವರಿಗೆ ಕನಕಪುರ ರಸ್ತೆಯ ತಮ್ಮ ತೋಟದ ಕೃಷಿಹೊಂಡದಲ್ಲೂ ಬಾಸ್ ಸಾಕುವ ಆಸೆ ಹುಟ್ಟುತ್ತದೆ. ಖಂಡಿತ ಬೇಡ. ಜಗತ್ತಿನ ಅತಿ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ, ಇಂಥ ಕೊಳಗಳಲ್ಲಿ ಸಾಕುವ ಲಾರ್ಜ್‌ಮೌತ್ ಬಾಸ್ ಇದೆ. ನಮ್ಮ ಕೆರೆಗಳೋ ಸರಪಳಿಯಂತೆ ಕೂಡಿಕೊಂಡಿವೆ: ಮಡಿವಾಳದ ಕೋಡಿ ಹರಿದರೆ ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ. ಒಂದು ಜೋರು ಮಳೆಗೆ ಹೊಂಡ ತುಂಬಿ ಹರಿದರೆ ಮೀನನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಆ ಹೊಂಡಕ್ಕೆ ಕಾಟ್ಲಾ, ರೋಹು ಮರಿಗಳನ್ನು ಬಿಡಿ. ಅವಕ್ಕೆ ಮೇವಿನ ಮೀನೇ ಬೇಕಾಗಿಲ್ಲ.