ಜೋಕಾಲಿಗಿಂತ ಮೊದಲು ಗೇಟು ನೋಡಿ

ಧಾರವಾಡದಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವ ನನಗೆ ಪಂಚಮಿ ಹತ್ತಿರ ಬಂತೆಂದರೆ ಒಂದು ಪ್ರಶ್ನೆ ಗ್ಯಾರಂಟಿ. ಈ ಸಲ ಕೇಳಿದವರು ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಏಳು ವರ್ಷದ ಹುಡುಗಿಯ ತಾಯಿ. "ಮೇಡಂ, ಓಣ್ಯಾಗ ಎಲ್ಲಾರೂ ಜೋಕಾಲಿ ಆಡಾಕತ್ತಾರ. ಇಕಿನ್ನೂ ಕೂಡ್ಸಬಹುದೇನ್ರಿ?"

ಧಾರಾಳವಾಗಿ ಕೂಡಿಸಿ ಅಂದೆ. ಜೋಕಾಲಿ ಹಿಂದೆ ಮುಂದೆ ಹೋದಾಗ ಒಳಕಿವಿಯಲ್ಲಿರುವ ಸಮತೋಲನದ ಅಂಗಕ್ಕೆ ಕೆಲಸ ಸಿಗುತ್ತದೆ. ಮೈ ವಾಲಿದಾಗಲೆಲ್ಲ ಕುತ್ತಿಗೆ, ಬೆನ್ನು, ಹೊಟ್ಟೆಯ ಸ್ನಾಯುಗಳು ಅದನ್ನು ನೆಟ್ಟಗೆ ಮಾಡಲು ನೋಡುತ್ತವೆ. ಕ್ಲಿನಿಕ್ಕಿನಲ್ಲಿ ದೊಡ್ಡ ಚೆಂಡಿನ ಮೇಲೆ ಕೂಡಿಸಿ ನಾನು ಮಾಡಿಸುವುದೂ ಇದನ್ನೇ. ಅಲ್ಲಿ ಕೂಡು ಅಂದರೆ ಅಳು, ಜೋಕಾಲಿಯಲ್ಲಿ ಇಳಿ ಅಂದರೆ ಅಳು. ಅಷ್ಟೇ ವ್ಯತ್ಯಾಸ! ಆದರೆ ಬರೀ ಹಲಗೆ ಸಾಲದು. ಬೆನ್ನಿಗೆ ಆಸರೆ, ಸೊಂಟಕ್ಕೆ ಬೆಲ್ಟ್ ಬೇಕು. ಫಿಟ್ಸ್ ಬರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಅಂಥ ಆಸರೆ ಇರುವ ಜೋಕಾಲಿ ಒಂದು ಗಾರ್ಡನ್ನಿನಲ್ಲಿದೆ ಅಂತ ಗೊತ್ತಿತ್ತು. ಭಾನುವಾರ ಅವರ ಜೊತೆ ನಾನೂ ಹೋದೆ. ಬೈಕು, ದನ ಒಳಗೆ ಬರಬಾರದು ಅಂತ ಅಲ್ಲಿ ಸುತ್ತುಗೇಟು ಹಾಕಿದ್ದಾರೆ. ಗಾಲಿಕುರ್ಚಿಯೂ ಬರುವುದಿಲ್ಲ! ತಾಯಿ ಮಗಳನ್ನು ಬಗಲಿಗೇರಿಸಿಕೊಂಡರು, ತಂದೆ ಕುರ್ಚಿಯನ್ನು ಗೇಟಿನ ಮೇಲಿಂದ ದಾಟಿಸಿದರು. ಒಳಗೆ ಎರಿಮಣ್ಣು, ಹಿಂದಿನ ರಾತ್ರಿ ಮಳೆ. ನಾಲ್ಕು ಹೆಜ್ಜೆಗೇ ಗಾಲಿಗೆ ಪಂಚಮಿ ಉಂಡಿಯಂತೆ ಮಣ್ಣು ಕಟ್ಟಿತು. ಜೋಕಾಲಿ ಇನ್ನೂ ಇಪ್ಪತ್ತು ಹೆಜ್ಜೆ ದೂರ.

ರೊಕ್ಕ ಜೋಕಾಲಿಗೆ ಹೋಗುತ್ತದೆ, ದಾರಿಗೆ ಹೋಗುವುದಿಲ್ಲ. ಉದ್ಘಾಟನೆಯ ಫೋಟೋದಲ್ಲಿ ದಾರಿ ಚೆಂದ ಕಾಣುವುದಿಲ್ಲ, ಅಲ್ವಾ? ಬೇಕಾಗಿರುವುದು ಸರಳ. ಗೇಟಿನಲ್ಲಿ ಮೂರು ಅಡಿ ಜಾಗ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ನಮ್ಮಲ್ಲಿ ಅದನ್ನು ನಾಲ್ಕೈದು ಅಡಿಯಲ್ಲೇ ಮುಗಿಸಿಬಿಡುತ್ತಾರೆ, ಸ್ಕೂಟರ್ ಹತ್ತಿಸುವವರಿಗೆ ಮಾತ್ರ ಅನುಕೂಲ. ಆಟದ ಜಾಗದವರೆಗೂ ಗಟ್ಟಿ, ಸಪಾಟು ದಾರಿ. ಮರಳು ಹಾಕಿದರೂ ಗಾಲಿ ಹೂತುಹೋಗುತ್ತದೆ. ಅಜ್ಜ-ಅಜ್ಜಿಯರಿಗೂ ಇದೇ ದಾರಿ ಆಗುತ್ತದೆ.

ಜಾರುಬಂಡಿಯ ಬಗ್ಗೆ ಒಂದು ಮಾತು. ಗದಗಿನ ಏಪ್ರಿಲ್ ಬಿಸಿಲಿಗೆ ತಗಡಿನ ಜಾರುಬಂಡಿ ಹಂಚಿನಂತೆ ಕಾಯುತ್ತದೆ. ಬೇರೆ ಮಗು ಚೀರಿ ಏಳುತ್ತದೆ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದು, ಕಾಲಿಗೆ ಸ್ಪರ್ಶ ತಿಳಿಯದ ಮಗು ಸುಮ್ನೆ ಕೂತಿರುತ್ತದೆ, ಮನೆಗೆ ಬಂದ ಮೇಲೆ ಗುಳ್ಳೆ ಕಾಣುತ್ತದೆ. ಪ್ಲಾಸ್ಟಿಕ್‌ನದಾದರೆ ಇನ್ನೊಂದು ಪೇಚು. ಅದರಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ ಅಳವಡಿಸುವ ಸಾಧನ) ಇರುವ ಮಕ್ಕಳ ಉಪಕರಣವನ್ನು ಕೆಡಿಸಬಹುದು. ಜಾರುವ ಮೊದಲು ಹೊರಗಿನ ಭಾಗ ತೆಗೆದಿಡಬೇಕು. ಪಕ್ಕದಲ್ಲೊಂದು ಬೇವಿನ ಮರ ಇದ್ದರೆ ಬಿಸಿಲಿನ ಕಾಟ ಎಷ್ಟೋ ಕಮ್ಮಿ. ಗದ್ದಲ ತಡೆಯಲಾಗದ ಆಟಿಸಂ ಮಕ್ಕಳಿಗೂ ಆ ಮರದ ಬುಡವೇ ಶಾಂತ ಮೂಲೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಗಾರ್ಡನ್ನಿನ ನಕ್ಷೆ ಬರೆಯುವವರು ಆ ಪಟ್ಟಿಯನ್ನು ಒಮ್ಮೆಯಾದರೂ ಓದಲಿ.

ಅವತ್ತು ನಮ್ಮ ಹುಡುಗಿ ಜೀಕುತ್ತಿದ್ದಾಗ ಒಬ್ಬ ಹುಡುಗ ಬಂದ. "ಇಕಿಗೆ ಏನಾಗೇತಿ?" ಅಂತ ಕೇಳುತ್ತಾನೆ, ಹೇಗೆ ಹೇಳಲಿ ಅಂತ ನಾನು ಯೋಚಿಸುತ್ತಿದ್ದೆ. ಅವನು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, "ಇದರ ಬ್ರೇಕ್ ಎಲ್ಲೈತ್ರೀ?" ಅಂದ. ಹುಡುಗಿಯೇ ಕೈ ಮಾಡಿ ತೋರಿಸಿದಳು. ಆಮೇಲೆ ಜೋಕಾಲಿ ತೂಗುವ ಕೆಲಸ ಅವನದೇ ಆಯಿತು.

ಹೊರಗೆ ಬರುವಾಗ ತಂದೆ, ಅವರು ಟೇಲರ್, ಕಿಸೆಯಿಂದ ಟೇಪು ತೆಗೆದು ಗೇಟು ಅಳೆದರು. 21 ಇಂಚು. ಕುರ್ಚಿ 24. ಆ ಮೂರು ಇಂಚಿಗಾಗಿ ಮರುದಿನ ಅರ್ಜಿ ಕೊಟ್ಟು ಬಂದಿದ್ದಾರೆ.