ಕಣ್ಣು ಚೆನ್ನಾಗಿದೆ, ಆದರೂ ಮಗುವಿಗೆ ಸರಿಯಾಗಿ ಕಾಣಲ್ಲ: ಈ ಗೊಂದಲ ಬಂದಿದ್ದು ಎಲ್ಲಿಂದ?

ಹುಟ್ಟಿದ ತಕ್ಷಣ ಮಗು ಅಳಲಿಲ್ಲ, ಮಂಡ್ಯದಿಂದ ಮೈಸೂರಿಗೆ ಕಳಿಸಿದರು, ಮೂರು ದಿನ ಮೈ ತಣ್ಣಗಿಡುವ ಕೂಲಿಂಗ್ ಹಾಕಿದರು. ಇಂಥ ಮಾತು ನಮ್ಮ ಕಡೆ ಈಗ ಹೊಸದಲ್ಲ. ತಲೆ ಕೆಡೋದು ಎರಡು ಮೂರು ವರ್ಷ ಆದಮೇಲೆ. ಕಣ್ಣಿನ ಡಾಕ್ಟರು ಎಲ್ಲಾ ಸರಿ ಇದೆ ಅಂತಾರೆ. ಮಗು ಮಾತ್ರ ತಟ್ಟೆಯ ಬಲಗಡೆಯ ಇಡ್ಲಿ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, ಇನ್ನೊಂದು ಬೇಕು ಅನ್ನುತ್ತೆ.

ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದಾಗ, ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ, ಮೈಯನ್ನು 33.5 ಡಿಗ್ರಿ ಆಸುಪಾಸಿನಲ್ಲಿ 72 ಗಂಟೆ ಇಡೋದು ಕೂಲಿಂಗ್. 1950ರ ದಶಕದಲ್ಲಿ ಸ್ವೀಡನ್ನಿನಲ್ಲಿ ಉಸಿರಾಡದ ಮಕ್ಕಳನ್ನು ತಣ್ಣೀರಲ್ಲಿ ಇಟ್ಟು ನೋಡಿದ್ದರು, ಆಮೇಲೆ ಚಳಿ ಮಕ್ಕಳಿಗೆ ಅಪಾಯ ಅಂತ ಬಿಟ್ಟರು, 90ರ ದಶಕದಲ್ಲಿ ಕುರಿಗಳ ಮೇಲಿನ ಪ್ರಯೋಗ ಮತ್ತೆ ಆಸೆ ಹುಟ್ಟಿಸಿತು.

ಸಿಕ್ಕು ಬಿದ್ದದ್ದು 2005ರಲ್ಲಿ ಅಂತ ನನಗನ್ನಿಸುತ್ತೆ. ಆ ವರ್ಷ ಕೂಲಿಂಗ್ ಬಗ್ಗೆ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಎಷ್ಟು ಮಕ್ಕಳು ತೀರಿಕೊಂಡರು, ಎಷ್ಟು ಮಕ್ಕಳಿಗೆ ತೀವ್ರ ಅಂಗವೈಕಲ್ಯ ಬಂತು ಅಂತ ಒಂದೂವರೆ ವರ್ಷದ ಹೊತ್ತಿಗೆ ಲೆಕ್ಕ ಹಾಕಿದರು. ಕಣ್ಣೂ ಆ ಲೆಕ್ಕದಲ್ಲಿತ್ತು, ಆದರೆ ಹೆಚ್ಚುಕಡಿಮೆ ಪೂರ್ತಿ ಕುರುಡಾದರೆ ಮಾತ್ರ. ಹೂವಿನ ಬೆಡ್‌ಶೀಟ್ ಮೇಲೆ ಬಿದ್ದ ಗೊಂಬೆ ಕಾಣುತ್ತಾ, ಜಾತ್ರೆ ಜನದಲ್ಲಿ ಅಮ್ಮ ಸಿಗ್ತಾಳಾ, ಮೆಟ್ಟಿಲು ಇಳಿಯುವಾಗ ಅಂಚು ಗೊತ್ತಾಗುತ್ತಾ ಅಂತೆಲ್ಲಾ ಅಷ್ಟು ಚಿಕ್ಕ ಮಗುವಿನಲ್ಲಿ ನೋಡೋದಾದರೂ ಹೇಗೆ? ಶಾಲೆಗೆ ಹೋಗುವ ವಯಸ್ಸಿನವರೆಗೂ ಕಾದು ನೋಡಿದ ಅಧ್ಯಯನಗಳು ಆಮೇಲೆ ಬಂದವು. ಚೆನ್ನಾಗಿ ನಡೆದಾಡುವ ಮಕ್ಕಳಲ್ಲೂ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ತೊಂದರೆ ಆಗಲೇ ಬೆಳಕಿಗೆ ಬಂದದ್ದು. ಕಣ್ಣು ಕಳಿಸಿದ್ದನ್ನು ಮೆದುಳು ಓದಬೇಕಲ್ವಾ, ಪೆಟ್ಟು ಬಿದ್ದಿರೋದು ಅಲ್ಲಿ. ಇದಕ್ಕೆ ಸಿವಿಐ (ಸೆರೆಬ್ರಲ್ ವಿಶುವಲ್ ಇಂಪೇರ್‌ಮೆಂಟ್) ಅಂತಾರೆ.

ಇಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳಲ್ಲಿ ಕೂಲಿಂಗ್ ಪರೀಕ್ಷಿಸಿದ ಹೀಲಿಕ್ಸ್ ಪ್ರಯೋಗ 2021ರಲ್ಲಿ ಹೊರಬಂತು. ಕೂಲಿಂಗ್ ಪಡೆದವರಲ್ಲಿ 42% ಮಕ್ಕಳು ತೀರಿಕೊಂಡಿದ್ದರು, ಪಡೆಯದವರಲ್ಲಿ 31%. ಕೂಲಿಂಗ್ ಬೇಕಾ ಬೇಡ್ವಾ ಅನ್ನೋ ವಾದವೇ ಜೋರಾಯಿತು. ಬದುಕಿದ ಮಗು ಹೇಗೆ ನೋಡುತ್ತೆ ಅನ್ನೋದು ಹಿಂದೆ ಬಿತ್ತು.

ಜೊತೆಗೆ, ಎಳೆಗೂಸಿನ ಕಣ್ಣಿನ ಪರೀಕ್ಷೆ ಅಂದರೆ ನಮ್ಮಲ್ಲಿ ಆರ್‌ಓಪಿ, ಅಂದರೆ ಕಣ್ಣಿನ ಹಿಂಬದಿ ಪರದೆಯ ರಕ್ತನಾಳ ಸರಿಯಾಗಿ ಬೆಳೆಯದ ತೊಂದರೆಯ ತಪಾಸಣೆ. ಅದು ಮುಖ್ಯವಾಗಿ ತಿಂಗಳು ತುಂಬದೆ ಹುಟ್ಟಿದವರಿಗೆ. ಕೂಲಿಂಗ್ ಪಡೆಯೋರು ತಿಂಗಳು ತುಂಬಿದವರೇ ಜಾಸ್ತಿ. ಕಿವಿಗಾದರೆ 60ರ ದಶಕದಿಂದಲೂ ಮೈಸೂರಿನಲ್ಲೇ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇನ್ನು 2016ರ ಅಂಗವಿಕಲರ ಕಾಯ್ದೆಯ 21 ವಿಧಗಳಲ್ಲಿ ಸಿವಿಐಗೆ ಬೇರೆ ಹೆಸರಿಲ್ಲ. ದೃಷ್ಟಿಗೆ ಅಲ್ಲಿ, ಎಷ್ಟು ದೂರದ್ದು, ಎಷ್ಟು ಅಗಲ ಕಾಣುತ್ತೆ ಅನ್ನೋದೇ ಅಳತೆ. ಚಾರ್ಟಿನಲ್ಲಿ ಬಿಡಿ ಅಕ್ಷರ ತೋರಿಸಿದರೆ ಇಂಥ ಮಗು ಎಷ್ಟೋ ಸಲ ಓದಿಬಿಡುತ್ತೆ. ಪಾಠದ ಪುಸ್ತಕದ ಒತ್ತೊತ್ತಾದ ಪುಟದಲ್ಲಿ ಅದೇ ಅಕ್ಷರ ಸಿಗಲ್ಲ.